ಒಣ ಸೀಮೆಯ ಹಕ್ಕಿಗಳು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಮೊದಲಾದ ತಾಲ್ಲೂಕುಗಳ ನಮ್ಮ ಸೀಮೆಯು ಮರುಭೂಮಿಯಲ್ಲ. ಆದರೂ ಮಳೆಯ ವಿಷಯದಲ್ಲಿ ಬಡ ಸೀಮೆಯೇ ಸರಿ. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ಕಾಲುವೆಯಿಂದ ಗಂಗಾವತಿಯ ಗದ್ದೆಗಳು ಹಸುರಾದವು. ಕುಷ್ಟಗಿ, ಯಲಬುರ್ಗಾಗಳ ಹೊಲಗಳಾದರೋ ಬಹುಮಟ್ಟಿಗೆ ಮುಗಿಲನ್ನೇ ನಂಬಿವೆ. ಇಂಥಲ್ಲಿ ಹಕ್ಕಿಗಳನ್ನು ಅಂಗಳಕ್ಕೆ ಕರೆಯುವ ಬಗೆ ಹೇಗೆ? ಕಾಳು ಚೆಲ್ಲಬೇಕೆಂದು ಅನೇಕರು ಹೇಳುವರು. ಕಾಳಿಗಿಂತಲೂ ನೀರೇ ಮುಖ್ಯವೆಂಬುದು ನಮ್ಮ ಅಭಿಪ್ರಾಯವು.

ಇದಕ್ಕೆ ಕಾರಣವುಂಟು. ಹಕ್ಕಿಗಳು ನಮ್ಮಂತೆ ಬೆವರುವುದಿಲ್ಲ. ಬೇಸಗೆಯ ಮಧ್ಯಾಹ್ನದಲ್ಲಿ ಕಾಗೆಯು ಕೊಕ್ಕು ತೆರೆದು ಏದುತ್ತ ಕುಳಿತಿರುವುದನ್ನು ವಿದ್ಯಾರ್ಥಿನಿಯರು ಕಂಡಿರಬಹುದು. ಬಾಯಿ, ಗಂಟಲುಗಳ ತೇವವು ಆವಿಯಾಗಿ ಹೋಗುವುದರಿಂದ ಅದರ ಮೈ ತಂಪಾಗುವುದು. ಹೀಗೆ ಕಳೆದ ನೀರನ್ನು ಮರಳಿ ಪಡೆಯದಿದ್ದರೆ ಹಕ್ಕಿಯು ಬದುಕದು. ಹುಳು, ಹಣ್ಣುಗಳನ್ನು ತಿನ್ನುವ ಹಕ್ಕಿಗೆ ಆಹಾರದಲ್ಲಿಯೇ ಕೆಲವು ಭಾಗ ನೀರು ದೊರೆಯುವುದು. ಆದರೆ ಜೋಳ, ಸಜ್ಜೆಗಳನ್ನು ತಿನ್ನುವ ಗುಬ್ಬಿಗೂ ಪಾರಿವಾಳಕ್ಕೂ ಬೆಳವಕ್ಕೂ ಒಣ ಕಾಳಿನಿಂದ ಎಷ್ಟು ನೀರು ಸಿಕ್ಕೀತು? ಹಳ್ಳ, ಕೆರೆಗಳು ಬತ್ತಿದಾಗ ಅವು ಮನುಷ್ಯರ ಮನೆಯ ಬಳಿಗೇ ಬರಬೇಕು.

ನೀರಿಡುವ ಕ್ರಮವೂ ಸುಲಭವಾದುದೇ. ಅಗಲವಾದ ಮಣ್ಣಿನ ತಟ್ಟೆಯನ್ನು ನೆರಳಿನಲ್ಲಿಡಬೇಕು. ನೀರು ಎರಡು ಅಂಗುಲಕ್ಕಿಂತ ಆಳವಿರಬಾರದು. ನಡುವೆ ಒಂದು ಒರಟು ಕಲ್ಲನ್ನಿಟ್ಟರೆ ಸಣ್ಣ ಹಕ್ಕಿಗೆ ಕಾಲೂರಲು ಅನುಕೂಲ. ಬೆಕ್ಕು ಅಡಗುವಂಥ ಪೊದೆಯು ತೀರ ಹತ್ತಿರವಿರಬಾರದು. ಹಾರಿ ಕೂರಲು ಒಂದು ಗಿಡವು ಮಾತ್ರ ಸಮೀಪದಲ್ಲಿರಬೇಕು. ದಿನವೂ ತಟ್ಟೆಯನ್ನು ತಿಕ್ಕಿ ತೊಳೆದು ಹೊಸ ನೀರು ತುಂಬಬೇಕು. ಹೊಲಸು ನೀರಿನಿಂದ ಒಂದು ಹಕ್ಕಿಯ ರೋಗವು ಹತ್ತಕ್ಕೆ ತಗಲುವುದು. ನಿಂತ ನೀರಿನಲ್ಲಿ ಸೊಳ್ಳೆಗಳೂ ಹುಟ್ಟುವುವು. ನಾಲ್ಕು ದಿನ ಇಟ್ಟು ಐದನೆಯ ದಿನ ಮರೆಯುವುದು ದಯೆಯಲ್ಲ; ಅದನ್ನೇ ನೆಚ್ಚಿ ಬಂದ ಹಕ್ಕಿಯು ಬಿಸಿಲಿನಲ್ಲಿ ಬರಿದಾಗಿ ಮರಳಬೇಕಾಗುವುದು.

ಇನ್ನು ನೋಡುವ ಬಗೆ. ಮುಂಜಾವಿನಲ್ಲಿ ದೂರದಲ್ಲಿ ಅಲುಗಾಡದೆ ಕುಳಿತಿರಬೇಕು. ಗುಬ್ಬಿಯು ಒಂದೊಂದು ಗುಟುಕಿಗೂ ತಲೆಯೆತ್ತಿ ನೀರು ನುಂಗುವುದು. ಪಾರಿವಾಳ, ಬೆಳವಗಳು ಕೊಕ್ಕನ್ನು ಮುಳುಗಿಸಿ ಒಂದೇ ಸಮನೆ ಹೀರುವುವು. ಗೊರವಂಕವು ಕುಡಿದು ತೃಪ್ತಿಪಡದೆ ಸ್ನಾನವನ್ನೂ ಮಾಡುವುದು. ನಮ್ಮ ರಾಜ್ಯದ ಹಕ್ಕಿಯೆನಿಸಿದ ನೀಲಕಂಠವು ತಟ್ಟೆಯ ಬಳಿಗೆ ಬಾರದಿದ್ದರೂ ಹೊಲದಂಚಿನ ತಂತಿಯ ಮೇಲೆ ಕುಳಿತು ಮಿಡತೆಗಳನ್ನು ಹಿಡಿಯುವುದು ಕಾಣಸಿಗುವುದು. ಮಳೆಗಾಲದಲ್ಲಿ ಬಾವಿಯ ಮೇಲೆ ಬಾಗಿದ ಜಾಲಿಯ ಟೊಂಗೆಗಳಲ್ಲಿ ಗೀಜಗದ ಗಂಡು ಗೂಡು ನೇಯುವುದು. ಹೆಣ್ಣು ಬಂದು ಪರೀಕ್ಷಿಸಿ ಮೆಚ್ಚಿದರೆ ಮಾತ್ರ ಸಂಸಾರ ನೆಲೆಯಾಗುವುದು. ಕಂಡುದನ್ನು ದಿನಾಂಕಸಹಿತ ಬರೆದಿಟ್ಟುಕೊಂಡರೆ ಒಂದೇ ವರ್ಷದಲ್ಲಿ ಪುಸ್ತಕವು ಕಲಿಸದಷ್ಟನ್ನು ಕಲಿಯಬಹುದು.

ತಟ್ಟೆಗೆ ಸಲ್ಲುವ ನಿಯಮವೇ ಕೆರೆಗೂ ಸಲ್ಲುವುದು. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ನೆರೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬಂದಿಳಿಯುವುವು. ಆ ಕೆರೆಯೂ ವಿಜಯನಗರ ಜಿಲ್ಲೆಯ ಅಂಕಸಮುದ್ರದ ಕೆರೆಯೂ 2024ರಲ್ಲಿ ಜಗತ್ತಿನ ಮುಖ್ಯ ಜೌಗು ನೆಲೆಗಳ ರಾಮ್ಸಾರ್ ಪಟ್ಟಿಯಲ್ಲಿ ಸೇರಿದವು. ಇವೆರಡೂ ಒಣ ನಾಡಿನ ಊರ ಕೆರೆಗಳೇ. ಊರವರು ತಮ್ಮ ಕೆರೆಯನ್ನು ಹೂಳಲು ಬಿಟ್ಟರೆ, ಅಥವಾ ಅದರಲ್ಲಿ ಕಸ ಸುರಿದರೆ, ಹಕ್ಕಿಗಳಷ್ಟೇ ಅಲ್ಲ, ಊರೂ ನೀರಿಲ್ಲದೆ ಬಳಲುವುದು.

ಆದುದರಿಂದ ನಮ್ಮ ವಿದ್ಯಾರ್ಥಿನಿಯರು ಮನೆಗೊಂದು ತಟ್ಟೆ ನೀರನ್ನಿಡಲಿ. ಅಂಗಳವಿದ್ದವರು ಒಂದು ಬೇವನ್ನೋ ಬಾರೆಯನ್ನೋ ನೆಡಲಿ. ಪಂಜರದಲ್ಲಿ ಕೂಡಿಹಾಕಿದ ಹಕ್ಕಿಯು ನಮ್ಮ ಸೆರೆಯಾಳು. ತಾನಾಗಿ ಬಂದು ನೀರು ಕುಡಿದು ಹಾರಿಹೋಗುವ ಹಕ್ಕಿಯೇ ನಮ್ಮ ಅತಿಥಿ.