ಹಾಕಿಯೇ ಜೀವನವೃತ್ತಿ

ಯಲಹಂಕವನ್ನು ದಾಟಿ ಬಳ್ಳಾರಿ ರಸ್ತೆಯಲ್ಲಿ ಉತ್ತರಾಭಿಮುಖವಾಗಿ ಸಾಗುವವರಿಗೆ ಹುಣಸಮಾರನಹಳ್ಳಿಯು ಸಿಕ್ಕುವುದು. ೨೦೦೮ನೆಯ ಇಸವಿಯಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣವು ತೆರೆದಂದಿನಿಂದ ಈ ಊರಿನ ಮುಂದಣ ರಸ್ತೆಗೆ ಹಗಲಿರುಳೆಂಬ ಭೇದವಿಲ್ಲ. ಮಂತ್ರಿಗಳೋ ಚಿತ್ರನಟರೋ ಹಾದುಹೋದರೆ ಜನರು ನಿಂತು ನೋಡುವರು. ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಶಿಬಿರದಲ್ಲಿ ಅಭ್ಯಾಸ ಮಾಡಿದ ಭಾರತದ ಹಾಕಿ ಆಟಗಾರರು ಪರದೇಶಕ್ಕೆ ಹೊರಡುವುದಕ್ಕೂ ಇದೇ ಹೆದ್ದಾರಿ. ಅವರ ಮುಖವನ್ನು ಗುರುತಿಸುವವರು ನಮ್ಮಲ್ಲಿ ಎಷ್ಟು ಮಂದಿ? ಈ ಪ್ರಶ್ನೆಯನ್ನು ಕೇಳುವಾಗ ನಮ್ಮ ಮನಸ್ಸಿನಲ್ಲಿರುವವರು ಕೊಡಗಿನ ಶ್ರೀ ಸೋಮವಾರಪೇಟೆ ವಿಠಲಾಚಾರ್ಯ ಸುನಿಲರು.

ಸುನಿಲರು ಹುಟ್ಟಿದುದು ೧೯೮೯ನೆಯ ಮೇ ೬ರಂದು. ತಂದೆ ಬಡಗಿಯ ಕಸುಬಿನವರು. ತಾಯಿ ಮಗನ ಎಳವೆಯಲ್ಲಿಯೇ ತೀರಿಕೊಂಡರು. ಮನೆಯಲ್ಲಿ ಐಶ್ವರ್ಯವಿರಲಿಲ್ಲ, ಊರಿನಲ್ಲಿ ಹಾಕಿ ಇದ್ದಿತು. ಕೊಡಗಿನಲ್ಲಿ ಈ ಆಟವು ಮನೆಮಾತು. ಅಲ್ಲಿ ಕಲಿತ ಓಟವು ಅವರನ್ನು ಹದಿನೆಂಟನೆಯ ವಯಸ್ಸಿನಲ್ಲಿ ಭಾರತ ತಂಡಕ್ಕೆ ತಂದಿತು. ೨೦೦೭ರಲ್ಲಿ ಚೆನ್ನೈಯಲ್ಲಿ ನಡೆದ ಏಷ್ಯಾ ಕಪ್ ಅವರ ಮೊದಲ ಪಂದ್ಯಾವಳಿ. ಭಾರತವೇ ಅದನ್ನು ಗೆದ್ದಿತು.

ಆದರೆ ಅವರು ಕಾಲಿರಿಸಿದ ಕಾಲವು ಭಾರತದ ಹಾಕಿಗೆ ಶುಭಕಾಲವಾಗಿರಲಿಲ್ಲ. ಮರುವರ್ಷವೇ ನಮ್ಮ ತಂಡವು ಬೀಜಿಂಗ್ ಒಲಿಂಪಿಕ್ಸಿಗೆ ಅರ್ಹತೆಯನ್ನು ಪಡೆಯದೆ ಹೋಯಿತು. ೧೯೨೮ರಿಂದ ಒಮ್ಮೆಯೂ ತಪ್ಪದೆ ಬಂದಿದ್ದ ಸರಣಿ ಅಲ್ಲಿಗೆ ಕಡಿಯಿತು. ೨೦೧೨ರ ಲಂಡನ್ ಒಲಿಂಪಿಕ್ಸಿನಲ್ಲಿ ನಮಗೆ ದೊರೆತುದು ಹನ್ನೆರಡನೆಯ, ಎಂದರೆ ಕಟ್ಟಕಡೆಯ, ಸ್ಥಾನ. ಆ ತಂಡದಲ್ಲಿ ಸುನಿಲರೂ ಇದ್ದರು. ಗೆದ್ದ ದಿನ ಹಾರ ಹಾಕುವ ಜನರು ಸೋತ ದಿನ ಬೈಯುವರು. ಆಟಗಾರನಾದರೋ ಮರುದಿನ ಬೆಳಗಾದರೆ ಮತ್ತೆ ಮೈದಾನಕ್ಕೆ ಇಳಿಯಲೇಬೇಕು.

ಈ ವೃತ್ತಿಯು ಏನನ್ನು ಕೇಳುತ್ತದೆಂಬುದಕ್ಕೆ ಒಂದು ಸಂಗತಿ ಸಾಕು. ೨೦೦೯ರಲ್ಲಿ ಮಲೇಷಿಯಾದ ಇಪೋ ನಗರದಲ್ಲಿ ಅಜ್ಲಾನ್ ಷಾ ಕಪ್ ನಡೆಯುತ್ತಿದ್ದಾಗ ಸುನಿಲರಿಗೆ ಪಿತೃವಿಯೋಗದ ವಾರ್ತೆಯು ಮುಟ್ಟಿತು. ಅವರು ತಂಡವನ್ನು ಬಿಟ್ಟು ಬರಲಿಲ್ಲ. ಭಾರತವು ಆ ಕಪ್ಪನ್ನು ಗೆದ್ದಿತು. ಇಪ್ಪತ್ತು ತುಂಬದ ತರುಣನೊಬ್ಬನು ಆ ದಿನಗಳನ್ನು ಹೇಗೆ ಕಳೆದನೆಂಬುದನ್ನು ವಾಚಕರು ತಾವೇ ಊಹಿಸಿಕೊಳ್ಳಬೇಕು.

ಬಲಬದಿಯ ಅಂಚಿನಲ್ಲಿ ಚೆಂಡನ್ನು ಕೊಂಡೊಯ್ದು, ಎದುರಾಳಿಯ ಕಾವಲನ್ನು ವೇಗದಿಂದ ಮೀರಿ, ಗೋಲಿನ ಮುಂದೆ ನಿಂತ ಜೊತೆಗಾರನಿಗೆ ಒಪ್ಪಿಸುವುದು ಅವರ ಕೆಲಸ. ಹೀಗೆ ಆಡುವವನ ಶ್ರಮವೆಲ್ಲವೂ ಲೆಕ್ಕದ ಪುಸ್ತಕಕ್ಕೆ ಬರುವುದಿಲ್ಲ. ಗೋಲು ಇನ್ನೊಬ್ಬನ ಹೆಸರಿಗೆ ಬೀಳುತ್ತದೆ. ಆದರೂ ೨೬೪ ಪಂದ್ಯಗಳಲ್ಲಿ ೭೨ ಗೋಲುಗಳು ಅವರ ಹೆಸರಿನಲ್ಲಿಯೇ ಇವೆ. ೨೦೧೪ರಲ್ಲಿ ಇಂಚಿಯೋನ್ ಏಷ್ಯನ್ ಕ್ರೀಡಾಕೂಟದ ಚಿನ್ನವನ್ನು ಪಾಕಿಸ್ತಾನವನ್ನು ಸೋಲಿಸಿ ತಂದ ತಂಡದಲ್ಲಿ ಅವರಿದ್ದರು. ೨೦೧೬ರ ಸಾಲಿಗೆ ಏಷ್ಯಾ ಹಾಕಿ ಒಕ್ಕೂಟವು ಅವರನ್ನೇ ಶ್ರೇಷ್ಠ ಆಟಗಾರರೆಂದು ಆರಿಸಿತು. ೨೦೧೭ರಲ್ಲಿ ಅರ್ಜುನ ಪ್ರಶಸ್ತಿಯು ಬಂದಿತು.

ಕೆನಡಾ ದೇಶದಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಹಾಕಿಯೊಂದುಂಟು. ಅಲ್ಲಿ ೧೯೧೭ರಲ್ಲಿ ಸ್ಥಾಪಿತವಾದ ನ್ಯಾಷನಲ್ ಹಾಕಿ ಲೀಗಿನ ಕ್ಲಬ್ಬುಗಳು ಆಟಗಾರನಿಗೆ ಸಂಬಳವನ್ನು ಕೊಟ್ಟು ಸಾಕುವುವು. ಆಟವೇ ಅವನ ಉದ್ಯೋಗ. ನಮ್ಮ ಹಾಕಿಗೆ ಆ ಬಗೆಯ ಆಸರೆ ಬಂದುದು ೨೦೧೩ರಲ್ಲಿ, ಹಾಕಿ ಇಂಡಿಯಾ ಲೀಗಿನ ಮೂಲಕ. ಸುನಿಲರು ಆಡಿದ ಪಂಜಾಬ್ ವಾರಿಯರ್ಸ್ ತಂಡವು ೨೦೧೬ರಲ್ಲಿ ಅದನ್ನು ಗೆದ್ದಿತು. ಆದರೆ ೨೦೧೭ರ ಬಳಿಕ ಲೀಗು ನಿಂತುಹೋಯಿತು. ಮತ್ತೆ ತೊಡಗಿದುದು ೨೦೨೪ರ ಕೊನೆಯಲ್ಲಿ. ಅಷ್ಟರೊಳಗೆ ಸುನಿಲರ ಆಟದ ಆಯುಸ್ಸು ಮುಗಿದಿದ್ದಿತು. ರೈಲ್ವೆಯಂತಹ ಸಂಸ್ಥೆಗಳು ಕೊಡುವ ನೌಕರಿಯೇ ನಮ್ಮ ಬಹುಮಂದಿ ಹಾಕಿ ಆಟಗಾರರಿಗೆ ಇಂದಿಗೂ ನಿಜವಾದ ಆಧಾರ.

೨೦೧೮ರಲ್ಲಿ ಮೊಣಕಾಲಿನ ಪೆಟ್ಟಿನಿಂದಾಗಿ ಸುನಿಲರಿಗೆ ಭುವನೇಶ್ವರದ ವಿಶ್ವಕಪ್ ತಪ್ಪಿತು. ೨೦೨೧ರ ಜೂನ್ ತಿಂಗಳಿನಲ್ಲಿ ಟೋಕಿಯೋ ಒಲಿಂಪಿಕ್ಸಿನ ತಂಡವನ್ನು ಪ್ರಕಟಿಸಿದಾಗ ಅವರ ಹೆಸರು ಪಟ್ಟಿಯಲ್ಲಿರಲಿಲ್ಲ. ಆಗಸ್ಟ್ ೫ರಂದು ಭಾರತವು ಜರ್ಮನಿಯನ್ನು ೫-೪ರಿಂದ ಸೋಲಿಸಿ, ೪೧ ವರ್ಷಗಳ ಮೇಲೆ ಒಲಿಂಪಿಕ್ ಪದಕವನ್ನು ಪಡೆಯಿತು. ದೇಶವೇ ಹಿಗ್ಗಿತು, ನಾವೂ ಹಿಗ್ಗಿದೆವು. ಗೆದ್ದವರಿಗೆ ಸರಕಾರಗಳು ಕೋಟಿಗಳ ಲೆಕ್ಕದಲ್ಲಿ ಬಹುಮಾನವನ್ನು ಸಾರಿದುವು, ಅದು ಯುಕ್ತವೇ. ಅಕ್ಟೋಬರ್ ತಿಂಗಳಿನಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ಸುನಿಲರು ಅಂತರರಾಷ್ಟ್ರೀಯ ಆಟದಿಂದ ನಿವೃತ್ತರಾದರು.

ಆರಿಸುವವರು ಅನ್ಯಾಯವನ್ನು ಮಾಡಿದರೆಂದು ನಾವು ಹೇಳುವುದಿಲ್ಲ. ಕಾಲುಗಳ ವೇಗವನ್ನು ಅಳೆದು ಆರಿಸುವುದು ಅವರ ಧರ್ಮ. ನಮ್ಮ ಆಕ್ಷೇಪವು ಬೇರೆ. ಪದಕವು ಒಂದು ದಿನದಲ್ಲಿ ಹುಟ್ಟುವುದಿಲ್ಲ. ಹನ್ನೆರಡನೆಯ ಸ್ಥಾನಕ್ಕೆ ಕುಸಿದಿದ್ದ ತಂಡವನ್ನು ಹೆಗಲುಕೊಟ್ಟು ಎತ್ತಿದವರಿಲ್ಲದೆ ಟೋಕಿಯೋ ಇರಲಿಲ್ಲ. ಆದರೆ ನಮ್ಮ ಬಹುಮಾನದ ಲೆಕ್ಕವು ಕೊನೆಯ ಮೆಟ್ಟಿಲಿನ ಮೇಲೆ ನಿಂತವರನ್ನು ಮಾತ್ರ ಎಣಿಸುವುದು. ಮೆಟ್ಟಿಲನ್ನು ಕಟ್ಟಿದವರನ್ನು ಎಣಿಸುವುದಿಲ್ಲ.

ಸರಕಾರಿ ನೌಕರನಿಗೆ ಅವನ ಸೇವೆಯ ವರ್ಷಗಳೇ ಪ್ರಮಾಣ. ಒಂದು ವರ್ಷ ವಿಶೇಷ ಕೀರ್ತಿಯು ಬರಲಿಲ್ಲವೆಂದು ಅವನ ನಿವೃತ್ತಿವೇತನವನ್ನು ಯಾರೂ ತಡೆಯುವುದಿಲ್ಲ. ದೇಶದ ಅಂಗಿಯನ್ನು ತೊಟ್ಟು ಹದಿನಾಲ್ಕು ವರ್ಷ ಓಡಿದವನಿಗೂ ಇದೇ ನ್ಯಾಯವು ಸಲ್ಲಬೇಡವೆ? ನೌಕರಿ, ನಿವೇಶನ, ಗೌರವಧನಗಳ ಅರ್ಜಿಗಳನ್ನು ಪರಿಶೀಲಿಸುವ ಅಧಿಕಾರಿಗಳು ಪದಕದ ಜೊತೆಗೆ ಆಡಿದ ಪಂದ್ಯಗಳನ್ನೂ ಎಣಿಸಲೆಂಬುದು ನಮ್ಮ ಸೂಚನೆ. ಅದಕ್ಕೆ ಹೊಸ ಇಲಾಖೆಯೇನೂ ಬೇಕಿಲ್ಲ. ನಿಯಮದಲ್ಲಿ ಒಂದು ವಾಕ್ಯ ಸಾಕು.

ಟೋಕಿಯೋ ತಂಡದಲ್ಲಿ ಕರ್ನಾಟಕದ ಆಟಗಾರನೊಬ್ಬನೂ ಇರಲಿಲ್ಲ. ೨೦೨೪ರ ಪ್ಯಾರಿಸ್ ತಂಡದಲ್ಲಿಯೂ ಇರಲಿಲ್ಲ. ಬಡಗಿಯ ಮಗನು ನಾಳೆ ಹಾಕಿ ಕೋಲನ್ನು ಹಿಡಿಯಬೇಕಾದರೆ, ಇಂದು ಅದನ್ನು ಕೆಳಗಿಟ್ಟವರು ಹೇಗೆ ಬಾಳುತ್ತಿರುವರೆಂಬುದನ್ನು ಅವನ ಮನೆಯವರು ನೋಡುವರು. ಅವರ ಕಣ್ಣಿಗೆ ಏನನ್ನು ತೋರಿಸುವೆವೆಂಬುದು ನಮ್ಮ ಕೈಯಲ್ಲಿದೆ.