ಇಗರ್ಜಿಯಿಂದ ಅಂತರಿಕ್ಷಕ್ಕೆ

ಭಾರತದ ವ್ಯೋಮಯಾನದ ಮೂಲವನ್ನು ಅರಸುತ್ತ ಹಿಂದಕ್ಕೆ ನಡೆದವನಿಗೆ ಕೊನೆಯಲ್ಲಿ ಎದುರಾಗುವುದು, ತಿರುವನಂತಪುರದ ಸಮೀಪ ಕಡಲಂಚಿನ ತುಂಬಾ ಗ್ರಾಮದಲ್ಲಿ ಬೆಸ್ತರು ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಸಂತ ಮೇರಿ ಮಗ್ದಲೇನಳ ಇಗರ್ಜಿ. ಭೂಮಿಯ ಕಾಂತೀಯ ವಿಷುವದ್ರೇಖೆ ಆ ಗ್ರಾಮದ ಬಳಿಯಲ್ಲೇ ಹಾದುಹೋಗುತ್ತದೆ. ಅದರ ನೆತ್ತಿಯ ಮೇಲೆ, ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ, ಹಗಲೆಲ್ಲ ವಿದ್ಯುತ್ಪ್ರವಾಹವೊಂದು ಹರಿಯುತ್ತಿರುತ್ತದೆ. ಬೆಲೂನು ಅಷ್ಟೆತ್ತರಕ್ಕೆ ಏರಲಾರದು, ಉಪಗ್ರಹ ಅಷ್ಟು ಕೆಳಗೆ ಬಹುಕಾಲ ನಿಲ್ಲಲಾರದು. ಆದುದರಿಂದ ಅದನ್ನು ಮುಟ್ಟಿ ಅಳೆಯಬೇಕಾದರೆ ರಾಕೆಟ್ಟೇ ಗತಿ.

ರಾಕೆಟ್ಟಿನ ನೆಲೆಗಾಗಿ ಇಗರ್ಜಿಯನ್ನೂ ಬೆಸ್ತರ ಮನೆಗಳಿದ್ದ ಸ್ಥಳವನ್ನೂ ಬೇಡಿ ಬಂದ ವಿಜ್ಞಾನಿ ವಿಕ್ರಮ್ ಸಾರಾಭಾಯಿಯವರಿಗೆ ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರು ತತ್‌ಕ್ಷಣ ಒಪ್ಪಿಗೆ ಕೊಡದೆ, ಭಾನುವಾರ ಬರಹೇಳಿ, ಆರಾಧನೆಗೆ ನೆರೆದ ಜನರ ಮುಂದೆಯೇ ಆ ಬೇಡಿಕೆಯನ್ನಿಟ್ಟರೆಂದೂ, ಜನರು ಆಮೆನ್ ಎಂದರೆಂದೂ ಅಬ್ದುಲ್ ಕಲಾಂ ಅವರು ಬರೆದಿದ್ದಾರೆ. ಸ್ಮರಣೆಯು ಕಥೆಗಳಿಗೆ ಹೊಳಪು ಕೊಡುತ್ತದೆಂಬುದನ್ನು ಬಲ್ಲೆವು. ಹುಟ್ಟಿದ ಮನೆಯನ್ನು ಬಿಟ್ಟೇಳುವುದು ಆಮೆನ್ ಎಂದಷ್ಟು ಹಗುರವೂ ಅಲ್ಲ. ಆದರೂ ಭೂಸ್ವಾಧೀನದ ಕಾನೂನು ಕೈಯಲ್ಲಿದ್ದ ಸರಕಾರದ ಕಾರ್ಯಕ್ಕಾಗಿ ಬೆಸ್ತರ ಅನುಮತಿಯನ್ನು ಕೇಳಿದ ಆ ಸೌಜನ್ಯವು, ನನ್ನ ಮಟ್ಟಿಗೆ, ಮುಂದೆ ಹಾರಿದ ರಾಕೆಟ್ಟಿಗಿಂತ ಕಡಮೆಯ ಸಂಗತಿಯಲ್ಲ. ಆಕಾಶವು ದೇವರ ಕೈಗೆಲಸವೆಂದು ದಾವೀದನ ಕೀರ್ತನೆಗಳಿಂದ ಕಲಿತವರಿಗೆ, ಅದನ್ನು ಅರಿಯಹೊರಟವರು ಪರಕೀಯರಾಗಿ ತೋರಿರಲಾರರು.

ಇಗರ್ಜಿಯು ಕಚೇರಿಯಾಯಿತು, ಪ್ರಾರ್ಥನಾಮಂದಿರವು ಪ್ರಯೋಗಶಾಲೆಯಾಯಿತು, ಬಿಷಪ್ಪರ ಕೋಣೆಯಲ್ಲಿ ನಕ್ಷೆಗಳು ಹರಡಿಕೊಂಡವು. 1963ರ ನವೆಂಬರ್ 21ರ ಸಂಜೆ ಅಲ್ಲಿಂದ ಮೇಲೇರಿದ ನೈಕಿ-ಅಪಾಚೆ ರಾಕೆಟ್ಟು ಅಮೆರಿಕದ್ದು, ಅದು ಹೊತ್ತೊಯ್ದ ಸೋಡಿಯಂ ಆವಿಯ ಉಪಕರಣ ಫ್ರಾನ್ಸಿನದು. ಮುಸ್ಸಂಜೆಯನ್ನೇ ಆರಿಸಿದುದಕ್ಕೆ ಕಾರಣವುಂಟು: ನೆಲಕ್ಕೆ ಕತ್ತಲು ಕವಿದಾಗಲೂ ಎತ್ತರದ ಆವಿಗೆ ಸೂರ್ಯನ ಬೆಳಕು ತಾಗುತ್ತಿರುತ್ತದೆ, ಕಿತ್ತಳೆವರ್ಣದ ಆ ಮೇಘವು ತೇಲಿದ ದಿಕ್ಕನ್ನು ಕಂಡು ಮೇಲುಗಾಳಿಯನ್ನು ಗಣಿಸಬಹುದು. ಬೆಳಗಾವಿ ಸೀಮೆಯ ನಮ್ಮೂರು ಘೋಡಗೇರಿಯ ಹೊಲಗಳಿಂದ ದನ ಹೊಡೆದುಕೊಂಡು ಮರಳುವ ಹೊತ್ತಿನಲ್ಲಿ, ಮಿನುಗದೆ ಸಾಗುವ ಚುಕ್ಕೆಯೊಂದು ಕಣ್ಣಿಗೆ ಬಿದ್ದರೆ, ಆ ಉಪಗ್ರಹವು ಹೊಳೆಯುವುದೂ ಇದೇ ನ್ಯಾಯದಿಂದ.

ಈ ಕಥೆಯಲ್ಲಿ ಕನ್ನಡಿಗರ ಪಾಲು ಸಣ್ಣದಲ್ಲ. ಉಡುಪಿಯ ಅಷ್ಟಮಠಗಳಲ್ಲೊಂದಕ್ಕೆ ಹೆಸರಿತ್ತ ಅದಮಾರಿನಲ್ಲಿ 1932ರಲ್ಲಿ ಹುಟ್ಟಿ, ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಕಲಿತು, ಸಾರಾಭಾಯಿಯವರ ಶಿಷ್ಯರಾಗಿ ವಿಶ್ವಕಿರಣಗಳನ್ನು ಅಭ್ಯಸಿಸಿದ ಯು. ಆರ್. ರಾವ್ ಅವರು 1972ರಲ್ಲಿ ಉಪಗ್ರಹ ನಿರ್ಮಾಣದ ಹೊಣೆಯನ್ನು ಹೊತ್ತರು. ಮಠದ ಊರಿನ ಬಾಲಕನಿಗೆ ಮಿಶನರಿಗಳ ಶಾಲೆಯಲ್ಲಿ ಕಲಿಯುವುದು ಆ ಕಾಲದ ಕರಾವಳಿಯಲ್ಲಿ ವಿಶೇಷವೆನಿಸುತ್ತಿರಲಿಲ್ಲ; ನಮ್ಮ ಬೆಳಗಾವಿಯಲ್ಲಿಯೂ ಲಂಡನ್ ಮಿಶನ್ನು 1820ರಲ್ಲೇ ಬಂದು ನೆಲೆಸಿತ್ತಷ್ಟೆ.

ರಾವ್ ಅವರ ಮುಂದಾಳ್ತನದಲ್ಲಿ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ರೂಪುಗೊಂಡ 360 ಕಿಲೋಗ್ರಾಂ ತೂಕದ ಆರ್ಯಭಟ ಉಪಗ್ರಹವು 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಕಕ್ಷೆಗೇರಿತು. ತುಂಬಾದಲ್ಲಿ ದೇವಾಲಯವೇ ದೊರೆತಿದ್ದ ಈ ವಿದ್ಯೆಗೆ ಬೆಂಗಳೂರಿನಲ್ಲಿ ಅಂಥ ಗೌರವವೇನೂ ಕಾದಿರಲಿಲ್ಲ: ಉಪಗ್ರಹವು ಕಳುಹಿದ ಸಂದೇಶಗಳನ್ನು ಸ್ವೀಕರಿಸಲು ಸ್ಥಳ ಸಾಲದೆ, ವಿಜ್ಞಾನಿಗಳು ಶೌಚಾಲಯವೊಂದನ್ನೇ ಅಣಿಗೊಳಿಸಿಕೊಂಡರು.