ಒಂದೇ ಹೆಸರಿನ ಇಬ್ಬರು

ಮೈಲಾಪುರದ ಸಭೆಯೊಂದರ ಬಾಗಿಲಲ್ಲಿ ‘ಉಪನ್ಯಾಸಂ’ ಎಂಬ ಬೋರ್ಡು ಕಂಡರೆ ಒಳಗೆ ರಾಮಾಯಣವೋ ಭಾಗವತವೋ ನಡೆದಿದೆ ಎಂದರ್ಥ. ನಮ್ಮ ಕನ್ನಡ ತರಗತಿಯಲ್ಲಿ ಉಪನ್ಯಾಸವೆಂದರೆ ಮೇಷ್ಟ್ರ ಪಾಠ. ಹಾಸ್ಟೆಲಿನ ಹಿಂದಿ ಗೆಳೆಯನನ್ನು ಕೇಳಿ ನೋಡಿ, ಅವನಿಗೆ ಅದು ಕಾದಂಬರಿ! ಪದ ಯಾವ ಮನೆಯಿಂದ ಬಂತು ಎಂದು ವಿಚಾರಿಸದೆ ಅರ್ಥ ಹೇಳಹೊರಟರೆ ಎಡವಟ್ಟು ತಪ್ಪಿದ್ದಲ್ಲ.

ಇಂಥದೇ ಎಡವಟ್ಟು ಕಂಪ್ಯೂಟರಿನಲ್ಲೂ ಉಂಟು. ಪದವಿ ಮುಗಿಸಿ ತರಮಣಿ, ಸಿರುಸೇರಿ ಕಡೆ ಕೆಲಸಕ್ಕೆ ಹೋಗುವ ಮಿತ್ರರಿಗೆ ಒಂದಲ್ಲ ಒಂದು ದಿನ ಇದು ಎದುರಾಗುವುದರಿಂದ ಇಲ್ಲಿ ನಾಲ್ಕು ಮಾತು.

1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಹೊರತಂದ ಜಾವಾ ಭಾಷೆಯಲ್ಲಿ ಪ್ರತಿ ವಸ್ತುವಿಗೂ ಒಂದು ಕ್ಲಾಸು. ‘ಈ ವಸ್ತುವನ್ನು ವಿದ್ಯಾರ್ಥಿ ಎಂದು ತಿಳಿ’ ಎಂದು ಯಂತ್ರಕ್ಕೆ ಹೇಳುವುದೇ ಕಾಸ್ಟಿಂಗ್. ಓಡುವಾಗ ಯಂತ್ರ ಪರೀಕ್ಷಿಸುತ್ತದೆ. ಅಲ್ಲವೆಂದು ಕಂಡರೆ ‘ಕ್ಲಾಸ್ ಕಾಸ್ಟ್ ಎಕ್ಸೆಪ್ಷನ್’ ಎಂದು ಕೂಗಿ ನಿಲ್ಲುತ್ತದೆ.

ಇದರಲ್ಲಿ ಮೊದಲ ಬಗೆ ಸರಳ. ವಿದ್ಯಾರ್ಥಿಗಳ ಚೀಲಕ್ಕೆ ಯಾರೋ ಅಧ್ಯಾಪಕನನ್ನು ಹಾಕಿದ್ದಾರೆ. 2004ರ ಜಾವಾ 5ರಿಂದ ಚೀಲದ ಮೇಲೆಯೇ ‘ವಿದ್ಯಾರ್ಥಿಗಳಿಗೆ ಮಾತ್ರ’ ಎಂದು ಬರೆಯುವ ಜೆನೆರಿಕ್ಸ್ ಬಂದ ಮೇಲೆ ಈ ಕಾಟ ಬಹಳ ಇಳಿಯಿತು.

ತಲೆ ತಿನ್ನುವುದು ಎರಡನೆಯ ಬಗೆ. ‘ವಿದ್ಯಾರ್ಥಿಯನ್ನು ವಿದ್ಯಾರ್ಥಿ ಎನ್ನಲಾಗದು’ ಎಂದು ಯಂತ್ರ ಹೇಳುತ್ತದೆ. ಇದೇನಪ್ಪಾ ಹುಚ್ಚು ಅನ್ನಿಸುತ್ತದೆ. ಆದರೆ ಯಂತ್ರ ಹೇಳುವುದು ನಿಜ. ಒಂದು ಸರ್ವರಿನೊಳಗೆ ಹಲವು ಅಪ್ಲಿಕೇಷನ್ನುಗಳು ಓಡುತ್ತವೆ. ಒಂದರ ತಂಟೆ ಇನ್ನೊಂದಕ್ಕೆ ಬೇಡವೆಂದು ಪ್ರತಿಯೊಂದಕ್ಕೂ ಬೇರೆ ಬೇರೆ ಕ್ಲಾಸ್ ಲೋಡರ್ ಇರುತ್ತದೆ. ಜಾವಾ ಪ್ರಕಾರ ಕ್ಲಾಸಿನ ಗುರುತು ಬರೀ ಹೆಸರಲ್ಲ. ಹೆಸರು ಮತ್ತು ಅದನ್ನು ತಂದ ಲೋಡರ್ ಎರಡೂ ಸೇರಿ ಗುರುತು. ಮದರಾಸಿನಲ್ಲಿ ಇನಿಷಿಯಲ್ ಇದ್ದ ಹಾಗೆ! ಕೆ. ಶ್ರೀನಿವಾಸನ್ ಬೇರೆ, ವಿ. ಶ್ರೀನಿವಾಸನ್ ಬೇರೆ.

ಇಬ್ಬರು ಹುಟ್ಟುವುದು ಹೇಗೆ? ಒಂದೇ ಜಾರ್ ಕಡತವನ್ನು ಸರ್ವರಿನಲ್ಲೂ ಅಪ್ಲಿಕೇಷನ್ನಿನೊಳಗೂ ಇಟ್ಟರೆ ಹೀಗಾಗಬಹುದು. ಸರ್ವರ್ ನಿಲ್ಲಿಸದೆ ಅಪ್ಲಿಕೇಷನ್ನನ್ನು ಹೊಸದಾಗಿ ಏರಿಸಿದಾಗ ಹಳೆಯ ವಸ್ತುಗಳು ಎಲ್ಲರಿಗೂ ಸೇರಿದ ಉಗ್ರಾಣದಲ್ಲಿ ಉಳಿದುಬಿಟ್ಟರೂ ಹೀಗಾಗುತ್ತದೆ.

ನಾನು ಕಂಡ ಒಂದು ಕಡೆ, ಪರೀಕ್ಷಾ ಶುಲ್ಕ ಕಟ್ಟಿಸಿಕೊಳ್ಳುವ ಸರ್ವರಿನಲ್ಲಿ ಈ ಎರಡನೆಯದೇ ಆಗಿತ್ತು. ‘ರೀಸ್ಟಾರ್ಟ್ ಮಾಡ್ರೀ, ಸರಿಹೋಗತ್ತೆ’ ಎಂಬುದೇ ಅಲ್ಲಿನ ಮದ್ದು. ಸರಿಹೋಗುತ್ತಲೂ ಇತ್ತು, ಉಗ್ರಾಣ ಖಾಲಿಯಾಗುತ್ತಿತ್ತಲ್ಲ! ಆದರೆ ಪ್ರತಿ ಸಲವೂ ಅರ್ಧ ಶುಲ್ಕದ ಫಾರ್ಮು ತುಂಬಿದ್ದವರು ಮೊದಲಿಂದ ಶುರು ಮಾಡಬೇಕು. ಕೊನೆಯ ದಿನ ಕೊನೆಯ ಗಂಟೆಯಲ್ಲಿ ನಮ್ಮಂಥ ಹುಡುಗನೊಬ್ಬ ಅಲ್ಲಿ ಸಿಕ್ಕಿಕೊಂಡರೆ ಅವನ ಗತಿ?

ಮದ್ದು ದೊಡ್ಡದಲ್ಲ. ವಸ್ತುವನ್ನೂ, ನಾವು ಬಯಸಿದ ಕ್ಲಾಸನ್ನೂ ‘ನಿನ್ನನ್ನು ತಂದವರು ಯಾರು?’ ಎಂದು ಕೇಳಬೇಕು. ಗೆಟ್‌ಕ್ಲಾಸ್‌ಲೋಡರ್ ಅದನ್ನು ಹೇಳುತ್ತದೆ. ಗೆಟ್‌ಕೋಡ್‌ಸೋರ್ಸ್ ಯಾವ ಕಡತದಿಂದ ಬಂದದ್ದು ಎಂಬುದನ್ನೂ ತಿಳಿಸುತ್ತದೆ. ಜಾವಾ 11ರಿಂದೀಚೆಗೆ ತಪ್ಪಿನ ಸಂದೇಶದಲ್ಲೇ ಲೋಡರಿನ ವಿವರ ಇರುತ್ತದೆ, ಸಾಲನ್ನು ಕೊನೆಯ ತನಕ ಓದುವ ತಾಳ್ಮೆ ಬೇಕು ಅಷ್ಟೆ. ಆಮೇಲೆ ಜಾರ್ ಒಂದೇ ಕಡೆ ಇರಲಿ. ಮೇವೆನ್ ಬಳಸುವವರು ಸರ್ವರೇ ಕೊಡುವ ಜಾರನ್ನು ‘ಪ್ರೊವೈಡೆಡ್’ ಎಂದು ಗುರುತಿಸಲಿ. ಅಪ್ಲಿಕೇಷನ್ ಇಳಿಯುವಾಗ ಉಗ್ರಾಣದಲ್ಲಿನ ತನ್ನ ಸಾಮಾನನ್ನು ತಾನೇ ತೆಗೆದುಕೊಂಡು ಹೋಗಲಿ.

ಇನ್ನೊಂದು ಬಗೆಯೂ ಇದೆ. ಮದರಾಸು 1996ರಲ್ಲಿ ಚೆನ್ನೈ ಆಯಿತು. ಹೆಸರು ಬದಲಾದರೂ ಊರು ಅದೇ. ಯಂತ್ರಕ್ಕೆ ಹಾಗಲ್ಲ. ಸರ್ವರ್ ಜಾವಾದ ಉಸ್ತುವಾರಿ ಒರಾಕಲ್‌ನಿಂದ ಎಕ್ಲಿಪ್ಸ್ ಫೌಂಡೇಷನ್ನಿಗೆ ಹೋದ ಮೇಲೆ, 2020ರಲ್ಲಿ ‘ಜಾವಾಎಕ್ಸ್’ ಎಂಬ ಮನೆತನದ ಹೆಸರು ‘ಜಕಾರ್ತಾ’ ಆಯಿತು. ಹಳೆಯ ಹೆಸರಿನ ಸರ್ವ್‌ಲೆಟ್ಟನ್ನು ಟಾಮ್‌ಕ್ಯಾಟ್ 10ರಲ್ಲಿ ಏರಿಸಿದರೆ ‘ನೀನು ನಮ್ಮವನಲ್ಲ’ ಎನ್ನುತ್ತದೆ. ಹಳೆಯ ಹೆಸರುಗಳನ್ನು ತಿದ್ದಿ ಮತ್ತೆ ಕಂಪೈಲ್ ಮಾಡುವುದು ಒಂದು ದಾರಿ.

ಎಕ್ಸೆಪ್ಷನ್ನನ್ನು ಹಿಡಿದು ಸದ್ದಿಲ್ಲದೆ ನುಂಗಿಬಿಡುವ ಚಾಳಿ ಮಾತ್ರ ಬೇಡ, ಗೆಳೆಯರೆ. ಅದರಿಂದ ದೂರು ನಿಲ್ಲುತ್ತದೆಯೇ ಹೊರತು ತಪ್ಪು ನಿಲ್ಲುವುದಿಲ್ಲ. ಹೆಸರು ಓದಿದ ಕೂಡಲೇ ‘ಗೊತ್ತಾಯ್ತು ಬಿಡಿ’ ಎನ್ನದೆ, ಇನಿಷಿಯಲ್ ಏನು ಅಂತ ಒಮ್ಮೆ ಕೇಳಿ.